ಹೆಡ್‌ಫೋನಿನೊಳಗಿನ ಹಂದರ

ಏಪ್ರಿಲ್ 4, ಶಹಾಪುರ

ಅಂಗನವಾಡಿ ಮುಗಿಸಿ ಬಂದೆ. ಮಕ್ಕಳ ಹಾಜರಿ ಆ್ಯಪ್‌ನಲ್ಲಿ ಏರಲಿಲ್ಲ — ನೆಟ್‌ವರ್ಕ್ ಸತ್ತಿತ್ತು. ಕುಕ್ಕರ್ ಇಡುವಷ್ಟರಲ್ಲಿ ಸುರಪುರದಿಂದ ಕಸ್ತೂರಿಯ ಫೋನು. ತಮ್ಮ ಸೂಗಪ್ಪನ ಹೆಂಡತಿ. ಕೆಲಸವಿಲ್ಲದೆ ಫೋನ್ ಮಾಡುವವಳಲ್ಲ.

“ಅಕ್ಕಾರ, ಗುಡ್ಡಿ ಅರಿಷಿಣದ ದಿನ ಸೋಬಾನ ಪದ ನಿಮ್ಮ ದನಿಯಾಗೇ ಇರಬೇಕ್ರಿ. ಅಲ್ಲೇ ಶಾಪುರದಾಗ ರೆಕಾರ್ಡ್ ಮಾಡಿಸಿ ಕಳಸ್ರಿ. ಸ್ಪೀಕರಿಗಿ ಹಚ್ಚಿದ್ರ ಆತು. ನಿಮಗೂ ತ್ರಾಸಿಲ್ಲ.”

“ನಾನೇ ಬರ್ತೀನಲ್ಲವಾ, ಅಲ್ಲೇ ಕುಂತು ಹಾಡ್ತೀನಿ.”



“ಬರ್ರಿ, ಬ್ಯಾಡ ಅಂದೋರು ಯಾರು. ಅಡಗಿ ಕಡಿಗಿ ಹಿರ್ಯಾರು ಬೇಕಲ್ಲ. ಹಂದರದ ಕೆಳಗ ಮಾತ್ರ… ಬೀಗರು ಬಂದಿರ್ತಾರ. ನಿಮಗ ಗೊತ್ತಿಲ್ಲದ್ದೇನದ.”

ಗೊತ್ತಿದೆ. ನಮ್ಮ ಮನೆಯವರು ತೀರಿಕೊಂಡು ವರ್ಷವಾಯಿತು. ಮುತ್ತೈದೆಯರು ಅರಿಷಿಣ ಹಚ್ಚುವ ಕಡೆ ನಾನು ಕೂರುವಂತಿಲ್ಲ. ದನಿಗೆ ಮಾತ್ರ ಕುಂಕುಮ ಬೇಕಾಗಿಲ್ಲವಂತೆ.

ಕಸ್ತೂರಿಯ ಮಗಳು ಗುಡ್ಡಿ ಪಿಯುಸಿ ಓದಿದ್ದು ನನ್ನ ಮನೆಯಲ್ಲಿ, ನನ್ನ ಕೈ ಅನ್ನ ಉಂಡು. “ಅತ್ತಿ, ನೀ ಬಾಜೂಕ ಕುಂತು ಸೊಲ್ಲು ಎತ್ತಿದ್ರೇ ನಾ ಅರಿಷಿಣಕ್ಕ ಕೂಡ್ತೀನಿ” ಅಂತ ಎಷ್ಟು ಸಲ ಅಂದಿಲ್ಲ. ನನಗೆ ಬೇಕಿರುವುದೂ ಅಷ್ಟೇ, ಆ ಹುಡುಗಿಯ ಪಕ್ಕದ ಜಾಗ. ಆದರೂ ಕಸ್ತೂರಿಗೆ ಹೂಂ ಅಂದೆ. ಯಾಕೆ ಅಂದೆನೋ…

ಏಪ್ರಿಲ್ 9

ಶಾಕೀರನ ಸ್ಟುಡಿಯೋ. ಗೋಡೆಗೆಲ್ಲ ಹಳೇ ಕೌದಿ ಹೊಡೆದಿದ್ದಾನೆ. ಮೊಹರಂ ಪದ, ಭಜನೆ, ಎಲ್ಲ ಇಲ್ಲೇ. ನಾನು ಸೊಲ್ಲು ಎತ್ತಿದೆ. ಪಕ್ಕದ ಮನೆಯ ಮಲ್ಲಾಬಾಯಿ, ಅವಳ ಸೊಸೆಯಂದಿರು ಹಿಂದಿನಿಂದ ದನಿಗೂಡಿಸಿದರು. ಒಬ್ಬೊಬ್ಬರಿಗೆ ಒಂದೊಂದು ಮೈಕು.

ಆಮೇಲೆ ಶಾಕೀರ ತನ್ನ ದೊಡ್ಡ ಹೆಡ್‌ಫೋನ್ ಕೊಟ್ಟ. ಹೊರಬದಿಗೆ ಜಾಲರಿ ಇರುವಂಥದ್ದು.

“ಕಣ್ಣು ಮುಚ್ಚರಿ ಟೀಚರ್. ಯಾರು ಎಲ್ಲಿ ಕುಂತಾರ ಹೇಳ್ರಿ.”

ಅಯ್ಯ ಶಿವನೇ. ಮಲ್ಲಾಬಾಯಿ ಎಡಕ್ಕೆ. ಸೊಸೆಯಂದಿರು ಬಲಕ್ಕೆ, ತುಸು ಹಿಂದೆ. ನಾನು ನಟ್ಟನಡುವೆ, ಎಲ್ಲರಿಗಿಂತ ಮುಂದೆ. ನನ್ನ ಫೋನಿನ ಇಯರ್‌ಫೋನಿನಲ್ಲಿ ಎಲ್ಲರೂ ತಲೆಯೊಳಗೇ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ, ಸಂತೆ ದಿನದ ಟಂಟಂ ಆಟೋದಲ್ಲಿದ್ದ ಹಾಗೆ. ಇಲ್ಲಿ ಕೂರಲು ಜಾಗವಿದೆ. ಇದಕ್ಕೆ ಸೌಂಡ್‌ಸ್ಟೇಜ್ ಅನ್ನುತ್ತಾರಂತೆ.

“ನಿಮ್ಮ ದನಿಗಿ ಎಕೋ ಹಾಕಿಲ್ರಿ, ಅದಕ್ಕ ಹತ್ರ ಅನಸ್ತದ. ಒಂಚೂರು ಎಕೋ ಕೊಟ್ಟು, ದನಿ ಮೊಂಡ ಮಾಡಿದ್ರ ದೂರ ಹೋಗ್ತದ. ಬೇಕಂದ್ರ ಗ್ವಾಡಿ ಹಿಂದೂ ಕೂಡಸ್ತೀನಿ.”

ಮತ್ತೆ ಮತ್ತೆ ಕೇಳಿದೆ. ಹುಟ್ಟಿದ ಮನೆಯಲ್ಲಿ ಇಲ್ಲದ ಜಾಗ ಈ ಡಬ್ಬಿಯಲ್ಲಿ ಸಿಕ್ಕಿತ್ತು. ಹೆಡ್‌ಫೋನ್ ತೆಗೆದಿಟ್ಟು ಮನೆ ದಾರಿ ಹಿಡಿದೆ.

ಏಪ್ರಿಲ್ 10

ಮತ್ತೆ ಹೋದೆ.

“ಶಾಕೀರ, ನನ್ನ ದನಿ ಹಿಂದಕ್ಕ ಹಾಕಪ್ಪ.”

“ಎಷ್ಟು ಹಿಂದಕ್ರಿ?”

“ಅಡಗಿಮನಿಗಿ. ಬಾಗಲಾ ಮುಚ್ಚಿದಂಗ.”

“ಸೊಲ್ಲು ಎತ್ತೋರು ಮುಂದ ಇರಬೇಕಲ್ರಿ. ಪದ ಕೆಡ್ತದ.”

“ಅವತ್ತು ನಾ ಎಲ್ಲಿರ್ತೀನೋ ಅಲ್ಲೇ ಹಾಕು. ಸುಳ್ಳು ಯಾಕ ಹೇಳಬೇಕು?”

ನನ್ನ ಬರಿ ಹಣೆ ನೋಡಿದ. ಮಾಡಿಕೊಟ್ಟ. “ಸ್ಪೀಕರಿನಾಗ ಅಷ್ಟು ಗೊತ್ತಾಗಂಗಿಲ್ರಿ. ಹೆಡ್‌ಫೋನ್ ಹಾಕ್ಕೊಂಡೋರಿಗೇ ತಿಳೀತದ,” ಅಂದ.

ಅಷ್ಟು ಸಾಕು. ಗುಡ್ಡಿಯ ತಲೆ ಮೇಲೆ ಹೆಡ್‌ಫೋನ್ ಇಲ್ಲದ ಹೊತ್ತೇ ಇಲ್ಲ. ಅವಳಿಗೆ ತಿಳಿಯಲಿ ಅಂತಲೇ ಮಾಡಿಸಿದ್ದು. ಬಾಯಿಬಿಟ್ಟು ಕೇಳಲು ನನಗೆ ನಾಚಿಕೆ. ಪದ ಕೇಳಿದರೆ ಅವಳೇ ಅವ್ವನೊಡನೆ ಜಗಳವಾಡಿ ನನ್ನನ್ನು ಹೊರಗೆ ಕರೆಯುತ್ತಾಳೆ. ಗುಡ್ಡಿಗೇ ವಾಟ್ಸಾಪ್‌ನಲ್ಲಿ ಕಳಿಸಿದೆ.

ಏಪ್ರಿಲ್ 13

ನೀಲಿ ಟಿಕ್ ಬಂದಿದೆ. ದಿನವಿಡೀ ಫೋನು ಹತ್ತಿರವೇ ಇಟ್ಟುಕೊಂಡೆ.

ಏಪ್ರಿಲ್ 21

ಗುಡ್ಡಿ ಫೋನ್ ಮಾಡಿದಳು.

“ಅತ್ತಿ, ಪದ ಕೇಳ್ದೆ. ನಿನ್ನ ದನಿ ಅಡಗಿಮನ್ಯಾಗಿಂದ ಬಂದಂಗ ಇತ್ತಲ್ಲ.”

ತಿಳಿಯಿತು ನನ್ನ ಮಗಳಿಗೆ ಅಂದುಕೊಂಡೆ.

“ಹೂಂನವ್ವಾ,” ಅಂದೆ.

“ಶಾಕೀರಣ್ಣಗ ಫೋನ್ ಹಚ್ಚಿ ಬೈದೆ. ಇಂಥಾ ಮಿಸ್ಟೇಕ್ ಮಾಡ್ತಾರೇನು? ನಮ್ಮತ್ತಿನ್ನ ನಡುವ ತಂದು ಕೂಡಸು ಅಂದೆ. ಈಗ ಮಸ್ತ್ ಆಗ್ಯಾದ. ಕಣ್ಣು ಮುಚ್ಚಿದ್ರ ನೀ ನನ್ನ ಬಾಜೂಕೇ ಕುಂತಂಗ ಅನಸ್ತದ.”

“ಕುಂತಂಗ ಯಾಕ? ಖರೇನೇ ಕುಂತರ ಏನಾಗ್ತದ ಗುಡ್ಡಿ?”

ಕೊನೆಗೂ ಕೇಳಿಬಿಟ್ಟೆ.

“ಅತ್ತಿ… ಅವ್ವ ನಿನಗ ಹೇಳ್ಯಾಳಲ್ಲ. ನೀ ಸುಮ್ಮ ಮನಸಿಗಿ ಹಚ್ಕೋಬ್ಯಾಡ.”

ಹೆಡ್‌ಫೋನಿನಲ್ಲಿ ನಾನು ಎಲ್ಲಿದ್ದೇನೆ ಅನ್ನುವುದು ಅವಳಿಗೆ ಕೂಡಲೇ ಗೊತ್ತಾಯಿತು. ಮನೆಯಲ್ಲಿ ಎಲ್ಲಿದ್ದೇನೆ ಅನ್ನುವುದು ಮೊದಲೇ ಗೊತ್ತಿತ್ತು. ನಾನೇ ದಡ್ಡಿ. ಇವತ್ತು ಅನ್ನ ಮಾಡಲಿಲ್ಲ.

ಮೇ 2, ಸುರಪುರ, ಬೆಳಿಗ್ಗೆ

ಅಡುಗೆಮನೆಯಲ್ಲಿ ಅಕ್ಕಿ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬಂದ ಕೂಡಲೇ ಕಸ್ತೂರಿ ಸೌಟು ಕೊಟ್ಟಳು. ಒಲೆ ಮೇಲೆ ಗೋಧಿ ಹುಗ್ಗಿ. ಹಂದರ ಕಾಣುವುದಿಲ್ಲ — ಬಾಗಿಲಿಗೆ ಪರದೆ ಬಿಟ್ಟಿದ್ದಾರೆ.

ಗುಡ್ಡಿ ಹಳದಿ ಸೀರೆಯಲ್ಲಿ ಒಳಗೆ ಬಂದು ಕಾಲು ಮುಟ್ಟಿದಳು. ಚೆಂದ ಕಾಣುತ್ತಿದ್ದಳು, ಹಾಳಾದವಳು. “ಈಗ ನಿನ್ನ ಪದ ಹಚ್ತಾರ ನೋಡತ್ತಿ,” ಅಂದಳು. ಹೋದಳು.

ಹಚ್ಚಿದರು. ನನ್ನ ದನಿ ಹೊರಗೆ ಸೊಲ್ಲು ಎತ್ತಿತು. ಮುತ್ತೈದೆಯರೆಲ್ಲ ಅದರ ಹಿಂದೆ ಹಾಡಿದರು. ಬೀಗರ ಕಡೆಯ ಯಾರೋ ಕೇಳಿದರು:

“ಯಾರವ್ವಾ ಇಷ್ಟು ಚೆಂದ ಹಾಡ್ಯಾರ?”

ಕಸ್ತೂರಿಯ ದನಿ: “ಸ್ಟುಡಿಯೋದಾಗಿಂದು ತರಿಸೀವ್ರಿ.”

ಹೆಸರೂ ಇಲ್ಲ. ಗುಡ್ಡಿ ಈಗಲಾದರೂ ಬಾಯಿ ಬಿಡುತ್ತಾಳೆ, ನಮ್ಮತ್ತಿ ಹಾಡ್ಯಾಳ್ರಿ ಅನ್ನುತ್ತಾಳೆ ಅಂತ ಪರದೆಗೆ ಕಿವಿ ಹಚ್ಚಿ ನಿಂತೆ. ಗುಡ್ಡಿ ಮಾತಾಡಿದಳು.

“ಸೌಂಡ್ ಒಂಚೂರು ಏರಸ್ರಿ.”

ಏರಿಸಿದರು. ಹುಗ್ಗಿ ತಳ ಹಿಡಿದ ವಾಸನೆ ಬರುತ್ತಿದೆ. ಕಸ್ತೂರಿ ಕೂಗುತ್ತಿದ್ದಾಳೆ. ಹಿಡಿಯಲಿ. ಪದ ಇನ್ನೂ ಅರ್ಧ ಇದೆ. ಇನ್ನರ್ಧ ನಾನೇ ಹೊರಗೆ ಹೋಗಿ, ಗುಡ್ಡಿಯ ಪಕ್ಕ ಕೂತು ಹಾಡುತ್ತೇನೆ.