ಮುಚ್ಚಳ ತೆಗೆಯದ ತಟ್ಟೆ

ಪ್ರಯೋಗಾಲಯದಿಂದ
ಬುಧವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಗುಬ್ಬೀ,

ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದಾದರೂ ಓದಿ ಹರಿ. ನಾಲ್ಕು ತಿಂಗಳಿಂದ ಒಂದು ಸಾಲು ಬರೆಯದವಳು ಇವತ್ತು ಬರೆಯುತ್ತಿದ್ದಾಳೆ ಎಂದರೆ ಏನೋ ಎಡವಟ್ಟಾಗಿದೆ ಎಂದು ನೀನು ಊಹಿಸಿಯೇ ಇರುತ್ತೀಯ. ಆಗಿದೆ. ಶುಕ್ರವಾರ ಸಮಿತಿ ಕೂತು ಸಂಶೋಧಕರ ಪಟ್ಟಿಯಿಂದ ನಿನ್ನ ಹೆಸರು ತೆಗೆದುಹಾಕಲಿದೆ. ಅಷ್ಟರೊಳಗೆ ನಾನು ಬಾಯಿ ಬಿಡಬೇಕು. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗದೆ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಸುಮ್ಮನೆ ಓಡಾಡುತ್ತಿದ್ದೇನೆ.

ಹೋದ ವಾರ ನಿನ್ನ ಅಮ್ಮ ಫೋನ್ ಮಾಡಿದ್ದರು. "ಅಂಥದ್ದೇನಮ್ಮಾ ತಪ್ಪು ಮಾಡಿದ್ಳು ನಮ್ಮ ಹುಡುಗಿ? ಕೇಳಿದ್ರೆ ಎದ್ದು ಒಳಗೆ ಹೋಗ್ತಾಳೆ," ಎಂದರು. ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಈ ಕಾಗದವನ್ನು ಅವರಿಗೂ ಓದಿ ಹೇಳು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ.

ಅಮ್ಮಾ, ನಮ್ಮ ಕೆಲಸ ಇಷ್ಟು. ಮೈಯ ಕೋಶಗಳಲ್ಲಿ ಆರ್‌ಎನ್‌ಎ ಎಂಬ ಸಾವಿರಾರು ಎಳೆಗಳಿರುತ್ತವೆ. ಅವುಗಳಲ್ಲಿ ಯಾವುದನ್ನು ನಮ್ಮ ಪ್ರೋಟೀನು ಹಿಡಿದುಕೊಂಡಿದೆ ಎಂದು ಕಂಡುಹಿಡಿಯಬೇಕು. ತಟ್ಟೆಯಲ್ಲಿ ಬೆಳೆಸಿದ ಜೀವಂತ ಕೋಶಗಳ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಹಿಡಿದದ್ದು ಹಿಡಿದಂತೆಯೇ ಬೆಸೆದುಹೋಗುತ್ತದೆ. ಆಮೇಲೆ ಕೋಶ ಒಡೆದು, ಆ ಪ್ರೋಟೀನಿಗಷ್ಟೇ ಅಂಟುವ ಸಣ್ಣ ಮಣಿಗಳನ್ನು ಬಿಟ್ಟು, ಮಣಿಗಳನ್ನು ಆಯಸ್ಕಾಂತದಿಂದ ಎಳೆದು, ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತೇವೆ. ಸುಮ್ಮನೆ ಮೆತ್ತಿಕೊಂಡದ್ದು ಹೋಗುತ್ತದೆ, ಬೆಸೆದದ್ದು ಉಳಿಯುತ್ತದೆ.

ನಮ್ಮ ಸರ್ ಹಾಗೆ ಉಳಿದದ್ದರಲ್ಲಿ ಇಂಥದ್ದೇ ಒಂದು ಆರ್‌ಎನ್‌ಎ ಇದ್ದೇ ಇರುತ್ತದೆ ಎಂದು ಪಟ್ಟು ಹಿಡಿದಿದ್ದರು. ನಿಮ್ಮ ಮಗಳ ಕೈಯಲ್ಲಿ ಅದು ಒಮ್ಮೆಯೂ ಬರಲಿಲ್ಲ. ನನ್ನ ಕೈಯಲ್ಲಿ ಪ್ರತಿ ಸಲ ಬಂತು. ಎಲ್ಲರೂ ಸೇರಿದ್ದ ಸಭೆಯಲ್ಲಿ ಸರ್ ಅವಳ ಕೈಯೇ ಸರಿಯಿಲ್ಲ ಎಂದು ನನ್ನ ಮುಖ ನೋಡಿದರು. ನಾನು, "ಹೌದು ಸರ್, ಸ್ವಲ್ಪ ಜೋರಾಗೇ ತೊಳೀತಾಳೆ," ಎಂದೆ. ಎಲ್ಲರೂ ನಕ್ಕರು. ಮುಂದಿನ ವಾರ ಗುಬ್ಬಿ ತನ್ನ ಮೇಜು ಖಾಲಿ ಮಾಡಿದಳು.

ಟೈಮರ್ ಕೂಗುತ್ತಿದೆ. ತೊಳೆದು ಬರುತ್ತೇನೆ.

ಬಂದೆ. ಮೂರನೇ ಸಲ ತೊಳೆದಾಯಿತು, ಇನ್ನೆರಡು ಬಾಕಿ. ಹೌದು ಗುಬ್ಬಿ, ನಿನ್ನೆಯಿಂದ ನಿನ್ನ ಪ್ರಯೋಗವನ್ನೇ ಮಾಡುತ್ತಿದ್ದೇನೆ, ನಿನ್ನ ಹಾಗೇ ಜೋರಾಗಿ ತೊಳೆಯುತ್ತಿದ್ದೇನೆ. ಯಾಕೆಂದರೆ ಪತ್ರಿಕೆಗೆ ಕಳಿಸಿದ್ದ ನಮ್ಮ ಲೇಖನ ಓದಿದ ಪರಿಶೀಲಕರು ಒಂದೇ ಪ್ರಶ್ನೆ ಕೇಳಿದರು: ಬೆಳಕು ತೋರಿಸದ ತಟ್ಟೆಯಲ್ಲಿ ಏನು ಬರುತ್ತದೆ? ಏನೂ ಬರಬಾರದು. ಸೋಮವಾರ ನೋಡಿದೆ. ಬೆಳಕು ತೋರಿಸಿದ್ದು, ತೋರಿಸದ್ದು, ಎರಡೂ ತಟ್ಟೆಗಳಲ್ಲಿ ಅದೇ ಆರ್‌ಎನ್‌ಎ, ಅಷ್ಟಕ್ಕಷ್ಟೇ. ಆಗ ಗೊತ್ತಾಯಿತು.

ಎರಡು ವರ್ಷ ನಾನು ತಟ್ಟೆಗೆ ಮುಚ್ಚಳ ಹಾಕಿಕೊಂಡೇ ಬೆಳಕಿನ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. ನನ್ನ ನಡಿಗೆ ನಿನಗೆ ಗೊತ್ತಲ್ಲ. ಮಂಜುಗಡ್ಡೆಯ ಟ್ರೇ ಹಿಡಿದು ಓಡುವಾಗ ಚೆಲ್ಲಬಾರದೆಂದು ಮುಚ್ಚುತ್ತಿದ್ದೆ, ಪೆಟ್ಟಿಗೆಯ ಮುಂದೆ ತೆಗೆಯುತ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಮುಚ್ಚಳ, ನಮ್ಮ ಕಣ್ಣಿಗೆ ಆಚೆಯದೆಲ್ಲ ಕಾಣುತ್ತದೆ. ಆ ಬೆಳಕಿಗೆ ಅದು ಗೋಡೆ. ಏನೂ ಬೆಸೆದೇ ಇರಲಿಲ್ಲ ಕಣೇ! ಜೋರಾಗಿ ತೊಳೆದರೆ ಏನೂ ಉಳಿಯುತ್ತಿರಲಿಲ್ಲ, ಅದಕ್ಕೇ ನಾನು ಮೆಲ್ಲಗೆ ತೊಳೆಯುವುದನ್ನು ರೂಢಿ ಮಾಡಿಕೊಂಡೆ. ಕೋಶ ಒಡೆದ ಮೇಲೆ ಮೆತ್ತಿಕೊಂಡ ಕಸವನ್ನೇ ಎಲ್ಲರಿಗೂ ತೋರಿಸಿ ಚಪ್ಪಾಳೆ ತೆಗೆದುಕೊಂಡೆ. ಆ ಕಸದ ಮೇಲೆಯೇ ದೊಡ್ಡ ಪ್ರಯೋಗಾಲಯವೊಂದು ನನಗೆ ಕೆಲಸ ಕೊಟ್ಟಿದೆ. ಮುಂದಿನ ತಿಂಗಳು ಸೇರಬೇಕು.

ಮತ್ತೆ ಟೈಮರ್. ಹಾಳಾದ್ದು.

ಸಂಜೆ ಐದೂವರೆ.

ನಾಲ್ಕಕ್ಕೆ ಫಲಿತಾಂಶ ಬಂತು. ಸರ್ ಹೇಳಿದ ಆರ್‌ಎನ್‌ಎಯ ಗೆರೆ ಪರದೆಯ ಮೇಲೆ ಏಳಲೇ ಇಲ್ಲ. ನಿನಗೆ ಸಿಕ್ಕಿತೆಂದು ನೀನು ಪಟ್ಟಿ ಮಾಡಿದ್ದ ಇನ್ನೊಂದರ ಗೆರೆ ನೆಟ್ಟಗೆ ಏರಿತು. ಯಂತ್ರದ ಮುಂದೆ ನಿಂತು ಅತ್ತೆ. ನಿನ್ನ ಕೈ ಎಷ್ಟು ಚೆನ್ನಾಗಿತ್ತು!

ಫಲಿತಾಂಶದ ಹಾಳೆ ಹಿಡಿದು ಸರ್ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದರು, ಹಾಕಿದರು. "ಒಂದು ಮುಚ್ಚಳಕ್ಕೆ ಎರಡು ವರ್ಷದ ಕೆಲಸ ಹೋಯ್ತೇನಮ್ಮಾ?" ಎಂದರು. ಆಮೇಲೆ ಬಾಗಿಲು ಹಾಕಿ ಬಂದು, ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಶುಕ್ರವಾರದ್ದು ಒಂದು ಮುಗೀಲಿ. ಲೇಖನ ಮೆಲ್ಲಗೆ ವಾಪಸ್ ತಗೊಳ್ಳೋಣ. ಅವಳು ಹೇಗೂ ಹೋಗಾಯ್ತಲ್ಲ," ಎಂದರು. ಕೆಟ್ಟವರಲ್ಲ ಅವರು, ಹೆದರಿದ್ದರು. ನನಗೂ ಹೂಂ ಅನ್ನಲು ಎಷ್ಟು ಆಸೆಯಾಯಿತು ಗೊತ್ತೇ? ಹೊರಗೆ ಬಂದು ಲಿಫ್ಟಿಗೆ ಕಾಯಲಾಗದೆ ಮೂರು ಮಹಡಿ ಇಳಿದೆ, ಇಳಿದದ್ದಕ್ಕೆ ಕಾರಣ ಸಿಗದೆ ಮತ್ತೆ ಹತ್ತಿದೆ.

ಐದಕ್ಕೆ ಸಮಿತಿಯ ಅಷ್ಟೂ ಜನರಿಗೆ ಮೇಲ್ ಕಳಿಸಿದೆ. ನಿನ್ನ ಫಲಿತಾಂಶ ಸರಿ, ನನ್ನದು ತಪ್ಪು ಎಂದು ಬರೆದು ಎರಡರ ಚಿತ್ರವನ್ನೂ ಜೊತೆಗಿಟ್ಟಿದ್ದೇನೆ. ಕೆಲಸ ಕೊಟ್ಟವರಿಗೂ ಅದನ್ನೇ ಕಳಿಸಿದೆ. ಈಗ ಪ್ರತಿ ಎರಡು ನಿಮಿಷಕ್ಕೆ ಫೋನ್ ನೋಡುತ್ತಿದ್ದೇನೆ. ಯಾರೂ ಉತ್ತರಿಸಿಲ್ಲ.

ಶುಕ್ರವಾರ ಹತ್ತಕ್ಕೆ ಸಭೆ. ಬಾ. ನನ್ನ ಜೊತೆ ಮಾತಾಡಬೇಡ, ಬೇಕಾದರೆ ಮುಖವನ್ನೂ ನೋಡಬೇಡ. ನಿನ್ನ ಮೇಜಿಗೆ ಬಾ. ಅಮ್ಮನಿಗೆ ನಮಸ್ಕಾರ ಹೇಳು, ಅವರು ಒಪ್ಪಿಕೊಂಡರೆ.

ಇನ್ನೂ ಹಾಗೆ ಕರೆಯುತ್ತೀಯಾದರೆ,
ನಿನ್ನ ಗಡಿಬಿಡಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಸೋಮವಾರ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಸಮಿತಿಗೂ ಈಗ ಇದನ್ನು ಬರೆದು ಕಳಿಸಿದೆ. ಹೊರಡುವ ದಿನ ನೀನು ನಿನ್ನ ಪ್ರಯೋಗದ ಪುಸ್ತಕವನ್ನು, ಮುಂದಿನವರಿಗೆ ಬೇಕಾದೀತು ಎಂದು ನನ್ನ ಕೈಗೆ ಕೊಟ್ಟೆಯಲ್ಲ, ನೀನು ಮೆಟ್ಟಿಲಿಳಿಯುತ್ತಿರುವಾಗಲೇ ತೆರೆದೆ. ಮೊದಲ ಪುಟದಲ್ಲೇ 'ಮುಚ್ಚಳ ತೆಗೆ' ಎಂದಿತ್ತು, ಕೆಳಗೆ ನೀನು ಎರಡು ಗೆರೆ ಎಳೆದಿದ್ದೆ. ಅಲ್ಲೇ ನನಗೆ ಎಲ್ಲ ತಿಳಿಯಿತು. ಕಿಟಕಿಯಿಂದ ನೋಡಿದರೆ ನೀನು ರಟ್ಟಿನ ಡಬ್ಬ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬಸ್ಸು ಬರಲು ಇಪ್ಪತ್ತು ನಿಮಿಷವಾಯಿತು. ನಾನು ಕೆಳಗಿಳಿದು ಬರಲಿಲ್ಲ.