ನಡೆದುಕೊಂಡು ಆಡುವ ಮುಟ್ಟಾಟ

ಮಾರ್ಚ್ ೯, ಸೋಮವಾರ

"ಬೈಯೋದನ್ನೆಲ್ಲ ಬರೆದಿಡಿ ಅತ್ತೆ, ಬಿಪಿ ಇಳಿಯುತ್ತೆ" ಎಂದು ಸೊಸೆ ಈ ಪುಸ್ತಕ ಕೊಟ್ಟಿದ್ದಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೊಂದು ಶಿಕ್ಷೆ. ಬೈದಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು.

ನಮ್ಮ ಬೀದಿಯ ಆಟದ ಮೈದಾನದ ಮಣ್ಣು ತೆಗೆದು ಕನ್ನಡಿಯಂಥ ಕಲ್ಲು ಹಾಸಿದ್ದಾರೆ. ಇವತ್ತು ‘ಓಡಬಾರದು’ ಎಂಬ ಬೋರ್ಡೂ ಬಂತು. ಮೊಮ್ಮಗಳು ಅದನ್ನು ಓದಿ, "ಅಜ್ಜಿ, ನಡ್ಕೊಂಡು ಮುಟ್ಟಾಟ ಆಡೋದು ಹೇಗೆ?" ಎಂದಳು. ನಕ್ಷೆ ಮಾಡಿದ ಎಂಜಿನಿಯರ್ ಅಲ್ಲೇ ಇದ್ದ, ಕೇಳಿದೆ.

"ಓಡಿದ್ರೆ ಜಾರಿ ಬೀಳ್ತಾರಮ್ಮ."

"ಜಾರೋ ಕಲ್ಲು ಹಾಕಿದ್ದು ಮಕ್ಕಳೇನಪ್ಪಾ?"

"ನೋಡೋಕೆ ಚೆನ್ನಾಗಿರ್ಲಿ ಅಂತ..."

ಯಾರ ಕಣ್ಣಿಗೆ? ಮೊಮ್ಮಗಳು ಸಂಜೆಯೆಲ್ಲ ನನ್ನ ಪಕ್ಕದ ಬೆಂಚಿನಲ್ಲಿ ಮುದುಕಿಯ ಹಾಗೆ ಕೂತಿದ್ದಳು. ನೆನೆದರೆ ಮೈ ಉರಿಯುತ್ತದೆ. ಬಿಪಿ ಇಳಿದಿಲ್ಲ. ಆ ಕಲ್ಲು ಕಿತ್ತು ಮಣ್ಣು ಹಾಕುತ್ತಾನೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ಅವನು ನನಗೆ ಉತ್ತರ ಹೇಳಬೇಕು.