ಕಲ್ಲೋಳಿಯಲ್ಲಿ ಇಲ್ಲದ ದಾಕ್ಷಾಯಿಣಿ

ಮಮದಾಪುರ, ತಾ. ಗೋಕಾಕ
ಗುರುವಾರ, 15 ಜನವರಿ 2026

ಪ್ರೀತಿಯ ಸುನೀಲನ ಅಪ್ಪ ಅವರಿಗೆ,

ಕಲ್ಲೋಳಿಯ ಯಾವ ಶಾಲೆಯಲ್ಲೂ ದಾಕ್ಷಾಯಿಣಿ ಎಂಬ ಟೀಚರ್ ಇಲ್ಲ. ಹಿಂದೆಯೂ ಇರಲಿಲ್ಲ. ಇದನ್ನು ಹೇಳಿದವರು ಅಲ್ಲಿ ಬಿಸಿಯೂಟದ ಅಡುಗೆ ಮಾಡುವ ಶಿವವ್ವ. ಹೌದೆಂದವರು ಅದೇ ಊರಲ್ಲಿ ಟಪಾಲು ಹಂಚಿ ನಿವೃತ್ತರಾದ ಬಸವಣ್ಣೆಪ್ಪ ಕಾಕಾ. ಸುದ್ದಿಯೆಂದರೆ ಎರಡು ಬಾಯಿಂದ ಬಂದಿರಬೇಕು ಎಂದು ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಮಾರುತ್ತಲೇ ನನ್ನನ್ನು ಬೆಳೆಸಿದ ನಮ್ಮಪ್ಪ ಹೇಳುತ್ತಿದ್ದುದು ನಿಮಗೂ ಗೊತ್ತು. ಅದಕ್ಕೇ ಇಬ್ಬರನ್ನೂ ಕೇಳಿದೆ.

ಇನ್ನು ಆರೋಗ್ಯ. ನಿಮ್ಮ ಮೊಣಕಾಲು ಹೇಗಿದೆ? ಬಲಗಾಲಿನದು, ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಬಂದ ನೋವು. ಅದು ನನಗೆ ತಿಳಿದದ್ದು ನಿಮ್ಮಿಂದಲ್ಲ. ನಾನು ಫೋನಿನಲ್ಲಿ ಕೇಳಿದಾಗಲೆಲ್ಲ ನೀವು ಹೇಳುವುದು ಒಂದೇ ಮಾತು, "ಎಲ್ಲಾ ಬರೋಬರಿ ಐತಿ." ಊಟವಾಯಿತೇ, ನಿದ್ದೆ ಬಂತೇ, ಕಾಲಿಗೆ ಎಣ್ಣೆ ಹಚ್ಚಿದಿರಾ ಎಂದು ಹೊತ್ತು ಹೊತ್ತಿಗೆ ಕೇಳುವವಳು ಒಬ್ಬಳಿರುವಾಗ ಈ ಹೆಂಡತಿ ಕೇಳುವುದು ಹೆಚ್ಚಿನ ಮಾತೇ ಆಯಿತು. ಆದರೂ ಕೇಳಿದ್ದೇನೆ. ಇಲ್ಲಿ ಅತ್ತೆಯವರು, ಸುನೀಲ ಆರಾಮಾಗಿದ್ದಾರೆ. ಹಬ್ಬದ ಕುಸುರೆಳ್ಳು ಇದರ ಜೊತೆ ಇಟ್ಟಿದ್ದೇನೆ. ಎಳ್ಳು ಕೊಟ್ಟ ಮೇಲೆ ಒಳ್ಳೆಯ ಮಾತಾಡಬೇಕು. ಈ ಸಲ ನನ್ನಿಂದ ಅದು ಆಗುವುದಿಲ್ಲ.

ದೀಪಾವಳಿ ರಜೆಗೆ ಬಂದಾಗ ಹೊಸ ಫೋನ್ ತಗೊಂಡು ಹಳೆಯದನ್ನು ಸುನೀಲನ ಅಭ್ಯಾಸಕ್ಕೆಂದು ಬಿಟ್ಟು ಹೋದಿರಲ್ಲ, ಅದರಲ್ಲಿ ನಿಮ್ಮ ಮೆಸೇಜ್ ಖಾತೆ ತೆರೆದೇ ಇತ್ತು. ಕಳೆದ ಗುರುವಾರ ಅದು ಟಿಣ್ ಎಂದಿತು. ನಿಮ್ಮ ಅಮ್ಮನೇ ಎತ್ತಿ ನನ್ನ ಕೈಗಿಟ್ಟರು, "ನೋಡವಾ, ಮಗಂದ ಏನರ ಸುದ್ದಿ ಇದ್ದೀತು." ಸುದ್ದಿ ಇತ್ತು. ದಸರೆಯಿಂದ ಈಚಿನ ಎಲ್ಲವನ್ನೂ ಓದಿದೆ. ಒಂದು ಅಕ್ಷರ ಬಿಡಲಿಲ್ಲ. ಅದರ ಮುನ್ನಾದಿನ ಹಿಮದ ದಾರಿಯಲ್ಲಿ ಜಾರಿ ನಿಮ್ಮ ಮಿಲಿಟರಿ ಲಾರಿ ಕಣಿವೆಯ ಅಂಚಿಗೆ ಹೋಗಿ ನಿಂತದ್ದು, ಆಮೇಲೆ ಯಾರಿಗೂ ಹೇಳದೆ ಅತ್ತದ್ದು, ಎಲ್ಲವನ್ನೂ ಕಲ್ಲೋಳಿಯ ಮದುವೆಯಾಗದ ಟೀಚರ್ ಎಂದು ಹೇಳಿಕೊಂಡ ಆ ದಾಕ್ಷಾಯಿಣಿಗೆ ಬರೆದಿದ್ದೀರಿ. ನಾನು ಹನ್ನೊಂದು ವರ್ಷದ ಹೆಂಡತಿ. ನೀವು ಅಳುತ್ತೀರಿ ಎಂಬುದೇ ನನಗೆ ಗೊತ್ತಿರಲಿಲ್ಲ.

ಅವಳ ಫೋಟೋ ನೋಡಿದೆ. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತಿದ್ದಾಳೆ. ಕೂದಲು ಗಾಳಿಗೆ ಹಾರುತ್ತಿದೆ, ಸೆರಗು ಹಾರುತ್ತಿಲ್ಲ. ಇದನ್ನು ಗುರುತಿಸಿದ್ದು ನನ್ನ ಜಾಣತನವಲ್ಲ, ಹೊಟ್ಟೆಕಿಚ್ಚು. ಎಲ್ಲಿಯಾದರೂ ಒಂದು ಕುಂದು ಸಿಕ್ಕೀತೆಂದು ಆ ಫೋಟೋವನ್ನು ಎಷ್ಟು ದೊಡ್ಡದು ಮಾಡಿ ನೋಡಿದೆನೋ.

ಆಮೇಲೆ ಅವಳು ನಿಮಗೆ ಕಳಿಸಿದ ಒಡಪು ಓದಿದೆ.

"ಘಟಪ್ರಭೆ ಧುಮುಕತಾಳ ಗೋಕಾಕ ಕಲ್ಲಿನ ಮ್ಯಾಲ,
ಮಾಲಿಂಗರಾಯರ ಹೆಸರ ಬರದೇನಿ ಎದಿಯ ಮ್ಯಾಲ."

ಅದಕ್ಕೆ ನೀವು ಕಳಿಸಿದ ಉತ್ತರ, "ಇಷ್ಟ್ ಚೆಂದ ನನ್ನ ಹೆಸರ ಯಾರೂ ಹೇಳಿದ್ದಿಲ್ಲ ಬಿಡ್ರಿ." ಆ ಸಾಲು ಓದಿ ಫೋನನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತೆ. ನಮ್ಮ ಮದುವೆಯ ದಿನ ನಿಮ್ಮ ಅಕ್ಕ ಯಲ್ಲಕ್ಕ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕಟ್ಟಿದ ಒಡಪು ಕೇಳಿದ್ದು ನೆನಪಿದೆಯೇ? "ಕುರಿಯ ಕೂದಲ ನೂತು ಕಂಬಳಿ ನೇಯ್ದಾರ" ಎಂದು ಶುರು ಮಾಡಿ ಮುಂದಿನ ಸಾಲು ಬಾರದೆ ನಿಂತುಬಿಟ್ಟೆ. "ಪೇಪರ್ ಓದಾಕ ಬರತೈತಿ, ಗಂಡನ ಹೆಸರ ಹೇಳಾಕ ಬರೂದಿಲ್ಲೇನ ನಮ್ಮ ಅನ್ನಪೂರ್ಣಾಗ?" ಎಂದು ಯಲ್ಲಕ್ಕ ಓಣಿಯೆಲ್ಲ ಕೇಳುವಂತೆ ನಕ್ಕರು. ನೀವೂ ನಕ್ಕಿರಿ. ನನಗೆ ಬಾರದ್ದು ಅವಳಿಗೆ ಬಂತು.

ಮಂಗಳವಾರ ಇಳಕಲ್ ಸೀರೆ ಉಟ್ಟು, ಅತ್ತೆಯವರಿಗೆ ಮೂಡಲಗಿಯಲ್ಲಿ ಬ್ಯಾಂಕಿನ ಕೆಲಸವಿದೆ ಎಂದು ಹೇಳಿ ಬಸ್ ಹತ್ತಿ, ಕಲ್ಲೋಳಿಯಲ್ಲೇ ಇಳಿದೆ. ಅವಳನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ. ತಮ್ಮನಿಗೆ ಹೆಣ್ಣು ಕೇಳಲು ಬಂದವಳಂತೆ ಶಾಲೆಯಲ್ಲಿ ವಿಚಾರಿಸಿದೆ. ಶಿವವ್ವ ಸೌಟು ಹಿಡಿದೇ ಫೋಟೋ ನೋಡಿ ನಕ್ಕರು, "ಅಕ್ಕಾರ, ಇಂಥಾ ಟೀಚರ್ ನಮ್ಮ ಸಾಲ್ಯಾಗ ಇದ್ದಿದ್ರ ಹುಡುಗ್ರಷ್ಟ ಅಲ್ರಿ, ಅವರ ಅಪ್ಪಗೋಳೂ ದಿನಾ ಸಾಲಿಗಿ ಬರ್ತಿದ್ರು!" ನಾನೂ ನಕ್ಕೆ. ಅವರು ಹೇಳಿದ್ದು ತಪ್ಪಲ್ಲ, ಒಬ್ಬ ಅಪ್ಪ ದಿನಾ ಹೋಗುತ್ತಲೇ ಇದ್ದಾನೆ. ಬಸವಣ್ಣೆಪ್ಪ ಕಾಕಾ ಕನ್ನಡಕ ಒರೆಸಿಕೊಂಡು ನೋಡಿ, "ಈ ಮುಖದ ಮನಿಗೆ ನಾ ಎಂದೂ ಟಪಾಲ ಕೊಟ್ಟಿಲ್ಲ ತಂಗಿ" ಎಂದರು.

ಮರಳಿ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನಮ್ಮ ಕಡೆ ಒಡಪು ಹೇಳುವುದು ಮದುವೆಯಾದವಳು, ಅದೂ ತನ್ನ ಗಂಡನ ಹೆಸರಿಗೆ. ಮದುವೆಯಾಗದ ಹುಡುಗಿ ಎಷ್ಟೇ ಮರುಳಾಗಿದ್ದರೂ ಇನ್ನೊಬ್ಬಳ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟುವುದಿಲ್ಲ. ಕಲ್ಲೋಳಿಯಲ್ಲಿ ಹುಟ್ಟಿದವಳಾದರೆ ನಾಲಿಗೆಯೇ ಏಳುವುದಿಲ್ಲ. ನಮ್ಮ ಮಾತು, ನಮ್ಮ ಹೊಳೆ, ಪ್ರಾಸ ಎಲ್ಲವನ್ನೂ ಕಲಿತು, ಯಾರು ಯಾರಿಗೆ ಹೇಳಬೇಕು ಎಂಬುದೊಂದನ್ನು ಕಲಿಯದೆ ಬಿಟ್ಟವರು ಮನುಷ್ಯರಲ್ಲ. ಹೋದ ತಿಂಗಳು ಪೇಪರಿನಲ್ಲಿ ಓದಿದ್ದು ಆಗ ನೆನಪಾಯಿತು. ಕೃತಕ ಬುದ್ಧಿಮತ್ತೆಯಿಂದ ಇಲ್ಲದ ಹೆಂಗಸಿನ ಮುಖ, ದನಿ ಮಾಡಿ ಸೈನಿಕರನ್ನು ಮಾತಿಗೆ ಎಳೆಯುತ್ತಾರೆ ಎಂದಿತ್ತು. ಹಿಂದೆ ಶತ್ರುವಿನ ಗೂಢಚಾರಿಣಿಗೆ ಒಂದು ಭಾಷೆ ಕಲಿಯಲು ವರ್ಷಗಟ್ಟಲೆ ಬೇಕಿತ್ತು, ಒಬ್ಬಳು ಒಬ್ಬನನ್ನೇ ಹಿಡಿಯಬಹುದಿತ್ತು. ಈಗ ಒಂದು ಯಂತ್ರ ಒಂದೇ ಹೊತ್ತಿಗೆ ನೂರಾರು ಜನರ ಜೊತೆ, ಅವರವರ ಊರಿನ ಮಾತಿನಲ್ಲಿ ಹರಟುತ್ತದಂತೆ. ನಿಮ್ಮ ದಾಕ್ಷಾಯಿಣಿಯೂ ಅಂಥವಳೇ ಎನ್ನುವುದು ನನ್ನ ಊಹೆ, ಸುದ್ದಿಯಲ್ಲ. ಊಹೆ ನಿಜವಾದರೆ ಈ ಹೊತ್ತಿಗೆ ಅವಳು ಪಂಜಾಬಿನವನೊಬ್ಬನ ಮೊಣಕಾಲನ್ನೂ ಪಂಜಾಬಿಯಲ್ಲಿ ವಿಚಾರಿಸುತ್ತಿರುತ್ತಾಳೆ.

ಇದನ್ನು ಓದಿ ನಿಮಗೆ ಸ್ವಲ್ಪ ಉರಿದರೆ ನನಗೆ ಸಂತೋಷ.

ರಜೆಯಲ್ಲಿ ನೀವೇ ಹೆಮ್ಮೆಯಿಂದ ಹೇಳಿದ್ದಿರಿ, "ಈಗ ಗಡಿ ಮ್ಯಾಲ ಮಂಜಿನ್ಯಾಗೂ ಮನಷ್ಯಾ ಯಾಂವ, ಕುರಿ ಯಾವ್ದು ಅಂತ ಮಷೀನ ಹೇಳತೈತಿ." ಅಂಥದೇ ಮಷೀನು ಆ ಕಡೆಯವರ ಕೈಯಲ್ಲೂ ಇರುತ್ತದಲ್ಲ. ನೀವು ಯಾರು ಎಂದು ಅದಕ್ಕೆ ತಿಳಿಯಿತು. ಅದು ಯಾರು ಎಂದು ನಿಮಗೆ ತಿಳಿಯಲಿಲ್ಲ.

ಅವಳು ಕೇಳಿದ್ದನ್ನು ಒಮ್ಮೆ ನೀವೇ ಒಟ್ಟಿಗೆ ನೆನಪಿಸಿಕೊಳ್ಳಿ. ಅಲ್ಲಿ ಚಳಿ ಎಷ್ಟು. ದಾರಿ ತೆರೆದಿದೆಯೇ. ಒಟ್ಟಿಗೆ ಎಷ್ಟು ಗಾಡಿ ಹೋಗುತ್ತವೆ. ಹಿಮದಲ್ಲಿ ನಿಂತ ಫೋಟೋ ಕಳಿಸ್ರಿ. ನೀವು ಕಳಿಸಿದಿರಿ, ಹಿಂದೆ ಸಾಲು ಲಾರಿ ಕಾಣುತ್ತವೆ. ಕೊನೆಯ ಪ್ರಶ್ನೆ, ಫೆಬ್ರವರಿಯಲ್ಲಿ ಯಾವ ದಿನ, ಯಾವ ದಾರಿಯಿಂದ ಹೊರಡುತ್ತೀರಿ. ತಿಳಿಸಿದರೆ ಅಷ್ಟು ದಿನ ಉಪವಾಸ ಮಾಡುತ್ತೇನೆ ಎಂದು. "ತಿಳಿದ ಮ್ಯಾಲ ಹೇಳತೇನಿ" ಎಂದಿದ್ದೀರಿ. ಅಲ್ಲಿಗೆ ನಿಂತಿದೆ. ನಿಮ್ಮ ಹಿಂದಿನ ಲಾರಿ ಓಡಿಸುವವನು ನಮ್ಮೂರಿನ ಪರಶುರಾಮ. ರಜೆ ಮುಗಿಸಿ ನಾಳೆ ಘಟಪ್ರಭಾದಲ್ಲಿ ರೈಲು ಹತ್ತುತ್ತಾನೆ, ಈ ಪತ್ರವನ್ನು ಅವನೇ ತರುತ್ತಾನೆ. ಇದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಪತ್ರ ಓದಿದ ಮೇಲೆ ಅವನ ಮುಖ ನೋಡಿ.

ಅವಳು ಒಂದು ಆಪ್ ಕಳಿಸಿದ್ದಳು. ನೀವು ಅದನ್ನು ಹಾಕಿಕೊಂಡಿರೋ ಇಲ್ಲವೋ ತಿಳಿಯದು. ಹಾಕಿಕೊಂಡಿದ್ದರೆ ಅದು ನಮ್ಮ ಮಾತನ್ನೂ ಕದ್ದು ಕೇಳೀತು. ಹಾಗಾಗಿ ಇದನ್ನೆಲ್ಲ ಫೋನಿನಲ್ಲಿ ಹೇಳಲಿಲ್ಲ, ನೀವೂ ಫೋನಿನಲ್ಲಿ ಉತ್ತರಿಸಬೇಡಿ. ನೇರ ನಿಮ್ಮ ಸಾಹೇಬರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ. ಶಿಕ್ಷೆಯಾಗಬಹುದು, ನೌಕರಿಯೂ ಹೋಗಬಹುದು. ತಾನಾಗಿ ಹೇಳಿದವನನ್ನೂ ಸಿಕ್ಕಿಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂದು ನನ್ನ ನಂಬಿಕೆ. ಅತ್ತು ಹೇಳುವುದಿದ್ದರೂ ಹೇಳಿ. ಉಳಿದದ್ದನ್ನು ಮನೆಗೆ ಬಂದು ನನ್ನ ಮುಂದೆ ಅಳಿ.

ಅವಳು ಇದ್ದಿದ್ದರೆ ಜಡೆ ಹಿಡಿದು ಜಗಳವಾಡಿ ಒಂದು ದಿನದಲ್ಲಿ ಮುಗಿಸುತ್ತಿದ್ದೆ. ಇಲ್ಲದವಳ ಮೇಲಿನ ಸಿಟ್ಟನ್ನು ಎಲ್ಲಿ ಹಾಕಲಿ? ಎಣ್ಣೆ ಹಚ್ಚಿಕೊಳ್ಳಿ. ಅತ್ತೆಯವರ ಆಶೀರ್ವಾದ, ಸುನೀಲನ ನಮಸ್ಕಾರ. ಅಂದು ನಿಂತುಹೋದದ್ದನ್ನು ಮುಗಿಸಿದ್ದೇನೆ, ಯಲ್ಲಕ್ಕನಿಗೂ ತಿಳಿಸಿ.

"ಕುರಿಯ ಕೂದಲ ನೂತು ಕಂಬಳಿ ನೇಯ್ದಾರ,
ಮಾಲಿಂಗರಾಯರು ಖರೇ ಹೇಳಿ ಮನಿಗೆ ಬರತಾರ."

ನಿಮ್ಮ,
ಅನ್ನಪೂರ್ಣಾ

ತಾ.ಕ.: ಪರಶುರಾಮ ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಭಾನುವಾರ ನೀವು "ನನ್ನ ಮೆಸೇಜ್ ಖಾತಿ ಯಾಕೋ ತೆರಿವಲ್ತು, ನೆಟ್‌ವರ್ಕ್ ಇಲ್ಲ ಕಾಣತೈತಿ" ಎಂದಿರಲ್ಲ, ಕಾರಣ ನೆಟ್‌ವರ್ಕ್ ಅಲ್ಲ. ಸುನೀಲನ ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡಿದ್ದಿರಿ. ಓದಿದ ದಿನವೇ ಅದನ್ನು ಬದಲಿಸಿದ್ದೇನೆ. ಅವಳು ಈಗಲೂ ಊಟ ಆತೇನ್ರಿ ಎಂದು ಕೇಳುತ್ತಲೇ ಇದ್ದಾಳೆ, ಏನನ್ನೂ ಅಳಿಸಿಲ್ಲ. ಪತ್ರ ನಿಮಗೆ 21ರ ಬುಧವಾರ ಸಿಗುತ್ತದೆ. 23ರ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಹಳೆಯ ಫೋನನ್ನು ಬೆಳಗಾವಿಯಲ್ಲಿ ಪೊಲೀಸರಿಗೆ ಕೊಡುತ್ತೇನೆ.